ಅಮ್ಮನ ಫೋನ್ ಪರಿಷೇಲಿ ಹೋಯ್ತು, ಪೌಚಲ್ಲಿ ಆಧಾರ್ ಬೇರೆ ಇತ್ತು, ಮೊದ್ಲು ಏನ್ ಮಾಡ್ಲಿ?

ತಿಪಟೂರ್_ತೆಂಗು · ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ, ಅರ್ಜೆಂಟಲ್ಲಿ ಬರೀತಿದೀನಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಅಮ್ಮ ಊರಿಂದ ಬಂದಿದ್ರು, ಇವತ್ತು ಕಾರ್ತೀಕದ ಕಡೇ ಸೋಮವಾರ ಅಲ್ವಾ, ಬಸವನಗುಡಿ ಕಡಲೆಕಾಯಿ ಪರಿಷೆ ನೋಡ್ಲೇಬೇಕು ಅಂದ್ರು, ಕರ್ಕೊಂಡು ಹೋದೆ. ದೊಡ್ಡ ಬಸವಣ್ಣನ ಗುಡಿ ಮುಂದೆ ಆ ಜನ ಹೆಂಗಿರುತ್ತೆ ನಿಮಗೆ ಗೊತ್ತೇ ಇದೆ. ಎರಡು ಸೇರು ಕಡಲೆಕಾಯಿ ತಗೊಂಡು ನಾನೇ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆ, ಆಗ ಅಮ್ಮನ ಕುತ್ತಿಗೇಲಿ ಪೌಚ್ ಇತ್ತು, ಆಮೇಲೆ ಆಟೋ ಹತ್ತೋವಾಗ ನೋಡಿದ್ರೆ ದಾರ ಮಾತ್ರ ನೇತಾಡ್ತಿದೆ. ಬ್ಲೇಡಲ್ಲಿ ಕುಯ್ದಿದ್ದಾರೆ, ಅಮ್ಮಂಗೆ ಗೊತ್ತೇ ಆಗಿಲ್ಲ.

ಪೌಚಲ್ಲಿ ಫೋನು, ಮುನ್ನೂರು ರೂಪಾಯಿ, ಅದ್ರ ಜೊತೆ ಆಧಾರ್ ಕಾರ್ಡು. ಫ್ರೀ ಬಸ್ ಟಿಕೆಟ್‌ಗೆ ತೋರ್ಸೋಕೆ ಬೇಕು ಅಂತ ಶಕ್ತಿ ಯೋಜನೆ ಬಂದಾಗಿಂದ ಅದನ್ನ ಫೋನ್ ಹಿಂದೇನೇ ಇಟ್ಕೊಂಡಿರ್ತಾರೆ. ಎಟಿಎಂ ಕಾರ್ಡ್ ಪುಣ್ಯಕ್ಕೆ ಮನೇಲಿದೆ. ಫೋನ್ ಸಾಧಾರಣ ಆಂಡ್ರಾಯ್ಡು, ಎರಡು ವರ್ಷ ಆಗಿದೆ, ಪ್ಯಾಟರ್ನ್ ಲಾಕ್ ಇದೆ ಆದ್ರೆ ಅದು ಆ 'ಎಲ್' ಆಕಾರದ್ದು, ಚಿಕ್ಕ ಮಕ್ಕಳೂ ತೆಗೀತಾರೆ. ಮೊದಲ ಅರ್ಧ ಗಂಟೆ ರಿಂಗ್ ಆಗ್ತಿತ್ತು, ಯಾರಾದ್ರೂ ಎತ್ತುತ್ತಾರೇನೋ ಅಂತ ಮಾಡ್ತಾನೇ ಇದ್ದೆ. ಈಗ ಸ್ವಿಚ್ ಆಫ್.

ಅಮ್ಮನ ಪೆನ್ಷನ್ ಅಕೌಂಟ್ ಇದೇ ನಂಬರಿಗೆ ಲಿಂಕ್ ಆಗಿದೆ, ಹಾಲಿನೋರಿಗೆ ಕಳ್ಸೋಕೆ ಅಂತ ಯುಪಿಐ ನಾನೇ ಹಾಕ್ಕೊಟ್ಟಿದ್ದೆ. ಫೋನ್ ಹೋದ್ರೆ ಹೋಗ್ಲಿ ಬಿಡಿ. ಅಮ್ಮ ಈಗ ಅಳ್ತಿರೋದು ಬೇರೇದಕ್ಕೆ. ಹೋದ ವರ್ಷ ತೀರ್ಕೊಂಡ ನಮ್ಮ ದೊಡ್ಡಮ್ಮನ ಹತ್ರ ಹೇಳಿಸಿ ರೆಕಾರ್ಡ್ ಮಾಡ್ಕೊಂಡ ಸೋಬಾನೆ ಪದಗಳು ಅದ್ರಲ್ಲಿದ್ವು, ಹನ್ನೊಂದು ಪದ. ಬೇರೆ ಎಲ್ಲೂ ಇಲ್ಲ.

ಮೊದ್ಲು ಏನ್ ಮಾಡ್ಲಿ, ಆಮೇಲೆ ಏನು, ಯಾರಾದ್ರೂ ಸಾಲಾಗಿ ಹೇಳಿ ಪ್ಲೀಸ್. ಬೆಳಗ್ಗೆವರೆಗೂ ಕಾಯಬಹುದಾ?

ಕೌಂಟರ್_ನಂಬರ್_3 · ರಾತ್ರಿ 9:52

ಕಾಯಬೇಡಿ. ಈ ಪೋಸ್ಟ್ ಪೂರ್ತಿ ಓದೋಕೂ ಮುಂಚೆ ನಿಮ್ಮ ಫೋನಿಂದ ಸಿಮ್ ಕಂಪನಿ ಕಸ್ಟಮರ್ ಕೇರಿಗೆ ಮಾಡಿ ಸಿಮ್ ಬ್ಲಾಕ್ ಮಾಡ್ಸಿ, ಆಮೇಲೆ ಬನ್ನಿ.

ಮಾಡಿದ್ರಾ? ಸರಿ. ನಾನು ಬ್ಯಾಂಕಲ್ಲಿ ಕೆಲ್ಸ ಮಾಡೋನು, ಯಾಕೆ ಇಷ್ಟು ಅವಸರ ಅಂತ ಹೇಳ್ತೀನಿ. ಜನ ಫೋನ್ ಲಾಕ್ ಇದೆ ಬಿಡು ಅಂತ ಧೈರ್ಯವಾಗಿರ್ತಾರೆ, ಆದ್ರೆ ಕಳ್ಳಂಗೆ ನಿಮ್ಮ ಫೋನ್ ತೆಗೆಯೋ ದರ್ದೇ ಇಲ್ಲ, ಪಿನ್ನಲ್ಲಿ ಚುಚ್ಚಿ ಸಿಮ್ ಈಚೆ ತೆಗೆದು ಅವನ ಫೋನಿಗೆ ಹಾಕ್ಕೊಂಡ್ರೆ ಮುಗೀತು, ಓಟಿಪಿ ಎಲ್ಲ ಅವನಿಗೇ ಬರುತ್ತೆ. ಯುಪಿಐ ಪಿನ್ ಹೊಸದಾಗಿ ಹಾಕೋಕೆ ಮುಂಚೆ ಡೆಬಿಟ್ ಕಾರ್ಡ್ ಬೇಕಿತ್ತು, ಈಗ ಆಧಾರ್ ಓಟಿಪಿ ದಾರೀನೂ ಇದೆ, ಆ ಓಟಿಪಿ ಬರೋದೂ ಅದೇ ಸಿಮ್ಮಿಗೆ. ನಿಮ್ಮ ಅಮ್ಮಂದು ಸಿಮ್ಮೂ ಆಧಾರೂ ಎರಡೂ ಒಂದೇ ಪೌಚಲ್ಲಿ ಹೋಗಿದೆ. ಮನೆ ಬೀಗ, ಕೀ ಎರಡೂ ಒಟ್ಟಿಗೆ ಕೊಟ್ಟಂಗೆ. ನಿಮ್ಮನ್ನ ಬೈತಿಲ್ಲ, ನಮ್ಮ ಬ್ರಾಂಚಿಗೆ ಬರೋ ಹತ್ತು ಜನ ಹೆಂಗಸರಲ್ಲಿ ಆರೇಳು ಜನ ಹಿಂಗೇ ಇಟ್ಕೊಂಡಿರ್ತಾರೆ. ಟಿಕೆಟ್ಟಿಗೆ ವೋಟರ್ ಐಡೀನೂ ನಡೆಯುತ್ತೆ, ಇನ್ಮೇಲೆ ಅದನ್ನ ಕೊಡಿ, ಅದನ್ನೂ ಫೋನ್ ಜೊತೆ ಇಡಬೇಡಿ.

ಸಿಮ್ ಆದ ಮೇಲೆ ಬ್ಯಾಂಕಿನ 24 ಗಂಟೆ ಸಹಾಯವಾಣಿಗೆ ಮಾಡಿ, ಮೊಬೈಲ್ ಬ್ಯಾಂಕಿಂಗ್, ಯುಪಿಐ, ಡೆಬಿಟ್ ಕಾರ್ಡ್ ಮೂರೂ ನಿಲ್ಲಿಸಿ ಅನ್ನಿ. ಕಾರ್ಡ್ ಮನೇಲಿದ್ರೂ ಇವತ್ತೊಂದಿನ ನಿಂತಿರ್ಲಿ. ದೂರಿನ ನಂಬರ್ ಕೇಳಿ, ಟೈಮ್ ಸಮೇತ ಒಂದು ಪೇಪರಲ್ಲಿ ಬರ್ಕೊಳ್ಳಿ. ಅಕೌಂಟಿಂದ ಒಂದ್ರೂಪಾಯಿ ಹೋಗಿದೆ ಅಂತ ಗೊತ್ತಾದ್ರೂ ತಕ್ಷಣ 1930ಕ್ಕೆ ಮಾಡಬೇಕು, ಅದು ಸೈಬರ್ ವಂಚನೆ ಸಹಾಯವಾಣಿ, ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ಹಾರ್ತಾ ಹೋಗೋ ಮುಂಚೆ ಎಲ್ಲಾದ್ರೂ ಹಿಡಿದು ನಿಲ್ಸೋಕೆ ಅದೇ ದಾರಿ, ಬೆಳಗ್ಗೆ ನೋಡಣ ಅಂದ್ರೆ ಬರೀ ಸ್ಟೇಟ್‌ಮೆಂಟ್ ನೋಡ್ಕೊಂಡು ಕೂರಬೇಕಾಗುತ್ತೆ.

ಟೈಮ್ ಬರ್ಕೊಳ್ಳಿ ಅಂದಿದ್ದಕ್ಕೂ ಕಾರಣ ಇದೆ. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿಂದೂ ಅಲ್ಲ ಗ್ರಾಹಕರದೂ ಅಲ್ಲ, ಮೂರನೆಯವರಿಂದ ಆಗಿದ್ದು ಅಂದ್ರೆ, ಬ್ಯಾಂಕಿಂದ ಮಾಹಿತಿ ಬಂದು 3 ಕೆಲಸದ ದಿನದೊಳಗೆ ನೀವು ತಿಳಿಸಿದ್ರೆ ನಿಮ್ಮ ಮೇಲೆ ನಷ್ಟ ಬರಲ್ಲ. ಗ್ರಾಹಕರದೇ ನಿರ್ಲಕ್ಷ್ಯ ಅಂತ ಆದ್ರೂನೂ, ನೀವು ತಿಳಿಸಿದ ಕ್ಷಣದಿಂದ ಮುಂದೆ ಹೋಗೋ ದುಡ್ಡು ಬ್ಯಾಂಕಿನ ತಲೆ ಮೇಲೆ. ಹಂಗಾಗಿ 9:55ಕ್ಕೆ ಹೇಳಿದ್ರೋ 11:30ಕ್ಕೆ ಹೇಳಿದ್ರೋ ಅನ್ನೋದು ಆಮೇಲೆ ಜಗಳಕ್ಕೆ ಬರುತ್ತೆ.

ಹುಬ್ಳಿ_ಮೊಬೈಲ್_ರಿಪೇರಿ · ರಾತ್ರಿ 10:20

ಬ್ಯಾಂಕಿನ ಸರ್ ಹೇಳಿದ್ದು ಖರೇ ಐತಿ, ಆದ್ರ ಒಂದ್ ಮಾತು ಅಡ್ಡ ಹಾಕ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ಸಿಮ್ ಬ್ಲಾಕ್ ಆತು ಅಂದ್ರ ಆ ಫೋನಿಗೆ ನೆಟ್ ಹೋತು. ನೆಟ್ ಹೋತು ಅಂದ್ರ ನೀವು ದೂರದಿಂದ ಅದನ್ನ ಹುಡುಕೂದು, ಲಾಕ್ ಮಾಡೂದು, ಅಳಸೂದು ಎಲ್ಲಾ ಹೋತು. ಅದಕ್ಕ ಫೋನ್ ಇನ್ನೂ ರಿಂಗ್ ಆಗಾಕತ್ತಿದ್ರ ಮೊದ್ಲಿನ ಎರಡು ನಿಮಿಷ ಗೂಗಲ್ ಫೈಂಡ್ ಹಬ್ಬಿಗೆ ಕೊಡ್ರಿ, ಮೊದಲ ಅದಕ್ಕ ಫೈಂಡ್ ಮೈ ಡಿವೈಸ್ ಅಂತಿದ್ರು, 2025ರಾಗ ಹೆಸರು ಬದಲ ಮಾಡ್ಯಾರ. ಬಾಜೂಕ ಇದ್ದವ್ರ ಫೋನಿನ್ಯಾಗ ಆ ಆ್ಯಪ್ ತಗದು ಗೆಸ್ಟ್ ಅಂತ ಹೋದ ಫೋನಿನ ಜಿಮೇಲ್, ಪಾಸ್‌ವರ್ಡ್ ಹಾಕಿ ಒಳಗ ಹೋಗಿ ಲಾಕ್ ಒತ್ತೂದು, ಆಮ್ಯಾಲ ಸಿಮ್ ಬ್ಲಾಕ್. ಉಲ್ಟಾ ಮಾಡಬ್ಯಾಡ್ರಿ. ಅಷ್ಟ ಅಲ್ಲ, ಹೊಸಾ ಆಂಡ್ರಾಯ್ಡಿನ್ಯಾಗ ರಿಮೋಟ್ ಲಾಕ್ ಅಂತ ಕೊಟ್ಟಾರ, ಪಾಸ್‌ವರ್ಡ್ ನೆನಪಿಲ್ಲ ಅಂದ್ರೂ ಬರೇ ಫೋನ್ ನಂಬರ್ ಹಾಕಿ ಲಾಕ್ ಮಾಡಬಹುದು, ಆಂಡ್ರಾಯ್ಡ್ 10ರಿಂದ ಮ್ಯಾಲ ಬರ್ತದ. ಆದ್ರ ಮೊದ್ಲ ಸೆಟ್ಟಿಂಗ್ ಆನ್ ಮಾಡಿ ಇಟ್ಟಿರಬೇಕು, ಒಳಗ ಸಿಮ್ಮೂ ಇರಬೇಕು.

ನಿಮ್ದು ಈಗ ಸ್ವಿಚ್ ಆಫ್ ಆಗೇತಿ ಅಂತೀರಿ, ಹಂಗಿದ್ರ ಸಿಮ್ ಬ್ಲಾಕ್ ಮಾಡಿಸಿದ್ದ ಚಲೋ ಆತು. ತಾಯಾರ ಜಿಮೇಲ್ ಗೊತ್ತೈತೇನ್ರಿ?

ತಿಪಟೂರ್_ತೆಂಗು · ರಾತ್ರಿ 10:47

ಸಿಮ್ ಬ್ಲಾಕ್ ಆಯ್ತು 10:05ಕ್ಕೆ. ಬ್ಯಾಂಕಿಂದೂ ಆಯ್ತು, ದೂರಿನ ನಂಬರ್ ಬರ್ಕೊಂಡೆ. ಸದ್ಯ ದುಡ್ಡೇನೂ ಹೋಗಿಲ್ಲ ಅಂದ್ರು, ಉಸಿರು ಬಂತು.

ಜಿಮೇಲ್ ಕಥೆ ಕೇಳಬೇಡಿ ಸರ್. ಫೋನ್ ತಗೊಂಡಾಗ ಊರಲ್ಲಿ ಅಂಗಡಿ ಹುಡುಗನೇ ಒಂದು ಐಡಿ ಮಾಡಿ ಕೊಟ್ಟಿದ್ದ, ಅಮ್ಮನ ಹೆಸ್ರು, ಮುಂದೆ ಏನೋ ಮೂರು ನಂಬರ್. ಪಾಸ್‌ವರ್ಡ್ ಅಮ್ಮಂಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ, ಆ ಹುಡುಗ ಈಗ ಅಂಗಡೀಲೇ ಇಲ್ವಂತೆ. ಬಾಕ್ಸ್ ಮಾತ್ರ ಊರಲ್ಲಿ ಬೀರು ಮೇಲಿದೆ, ಅಣ್ಣ ಫೋಟೋ ಕಳ್ಸಿದಾನೆ, ಅದ್ರಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ಎರಡು ಇದೆ.

ಇನ್ನೊಂದು ತಲೆನೋವು, ಸಿಮ್ ಅಣ್ಣನ ಹೆಸರಲ್ಲಿದೆ. ಅವನು ಬಂದು ಹೆಬ್ಬೆಟ್ಟು ಕೊಡದೆ ಡೂಪ್ಲಿಕೇಟ್ ಸಿಮ್ ಸಿಗಲ್ವಂತೆ. ನಾಳೆ ಬೆಳಗ್ಗೆ ಟ್ರೈನ್ ಹತ್ತಿ ಬರ್ತೀನಿ ಅಂದಿದಾನೆ.

ಹುಬ್ಳಿ_ಮೊಬೈಲ್_ರಿಪೇರಿ · ರಾತ್ರಿ 11:02

ಅಂಗಡಿಯವ್ರು ಜಿಮೇಲ್ ಮಾಡಿ ಕೊಡೂದು ನಮ್ಮ ಧಂಧೇದಾಗಿನ ಪಾಪ, ನಾನೂ ಮಾಡೇನಿ, ಈಗ ಮಾತ್ರ ಒಂದು ಚೀಟಿ ಮ್ಯಾಲ ಬರದು ಬಾಕ್ಸಿನ್ಯಾಗ ಹಾಕಿ ಕೊಡ್ತೀನಿ. ಚಿಂತಿ ಮಾಡಬ್ಯಾಡ್ರಿ, ಬಾಕ್ಸ್ ಇದ್ರ ಅರ್ಧಾ ಕೆಲಸ ಆದಂಗ. ಐಡಿ ಮಾಡುವಾಗ ಇದ ನಂಬರ್ ಕೊಟ್ಟಿದ್ರ, ಹೊಸಾ ಸಿಮ್ ಬಂದ ಮ್ಯಾಲ ಗೂಗಲ್‌ನ್ಯಾಗ ಇಮೇಲ್ ಮರತೀನಿ ಅಂತ ಒತ್ತಿ ನಂಬರ್, ಹೆಸರು ಹಾಕಿದ್ರ ಐಡಿ ತೋರಸ್ತದ, ಆಮ್ಯಾಲ ಪಾಸ್‌ವರ್ಡ್ ಬದಲ ಮಾಡಬಹುದು. ಆದ್ರ ಡೂಪ್ಲಿಕೇಟ್ ಸಿಮ್ಮಿಗೆ ಮೊದ್ಲಿನ 24 ತಾಸು ಎಸ್ಸೆಮ್ಮೆಸ್ ಬರೂದಿಲ್ರಿ, ಸಿಮ್ ಬದಲಿ ಮಾಡಿ ದುಡ್ಡು ಹೊಡಿತಾರಂತ ಸರ್ಕಾರದವ್ರ ಹಂಗ ಮಾಡ್ಯಾರ. ಸಿಮ್ ಕೆಟ್ಟೇತಿ ಅಂತ ಮತ್ತ ಅಂಗಡಿಗೆ ಓಡಬ್ಯಾಡ್ರಿ, ಬಾಳ ಮಂದಿ ಓಡಿ ಬರ್ತಾರ. ವಾಟ್ಸಾಪ್‌ಗೆ ಮಾತ್ರ ಕಾಯೂದು ಬ್ಯಾಡ, ಎಸ್ಸೆಮ್ಮೆಸ್ ಬದ್ಲಿ ಕಾಲ್ ಮಾಡು ಅಂತ ಆಯ್ಕೆ ಇರ್ತದ, ಕಾಲಿನ್ಯಾಗ ನಂಬರ್ ಹೇಳ್ತಾರ. ಹೊಸಾ ಫೋನಿನ್ಯಾಗ ವಾಟ್ಸಾಪ್ ತಗದ ಕೂಡಲೆ ಹಳೇ ಫೋನಿನ್ಯಾಗಿಂದು ತಾನ ಬಂದ್ ಆಗ್ತದ. ಅಲ್ಲೀತನಕ ಎಲ್ಲಾ ಗ್ರೂಪಿಗೂ, ಬೀಗರಿಗೂ ಹೇಳಿ ಇಡ್ರಿ, ತಾಯಾರ ನಂಬರಿಂದ ಅರ್ಜೆಂಟ್ ರೊಕ್ಕ ಬೇಕು ಅಂತ ಬಂದ್ರ ಹಾಕಬ್ಯಾಡ್ರಿ ಅಂತ.

ಸುಮ್ನೆ_ಓದೋನು · ಮಂಗಳವಾರ ಬೆಳಗ್ಗೆ 7:15

ಕ್ಷಮಿಸಿ, ಆದ್ರೆ ಫೋನ್ ವಾಪಸ್ ಬರುತ್ತೆ ಅನ್ನೋ ಆಸೆ ಬಿಡಿ. ನನ್ನ ಎರಡು ಫೋನ್ ಹೋಗಿದೆ, ಒಂದೂ ಬಂದಿಲ್ಲ. ಬಿಚ್ಚಿ ಡಿಸ್‌ಪ್ಲೇ ಬೇರೆ, ಬೋರ್ಡ್ ಬೇರೆ ಮಾಡಿ ಮಾರ್ತಾರೆ. ಸ್ಟೇಷನ್ನಿಗೆ ಅಲೆಯೋ ಆಟೋ ಖರ್ಚಲ್ಲಿ ಹೊಸದಕ್ಕೆ ಅಡ್ವಾನ್ಸ್ ಕೊಡಬಹುದು.

ಒಂದು ಮಾತ್ರ ಹುಷಾರು. ಎರಡನೇ ಸಲ ಹೋಗಿದ್ದು ಐಫೋನು, ಹೋದ ನಾಲ್ಕನೇ ದಿನಕ್ಕೆ ನನ್ನ ಹೊಸ ಸಿಮ್ಮಿಗೆ ಒಂದು ಮೆಸೇಜು, ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡೋಕೆ ಈ ಲಿಂಕ್ ಒತ್ತಿ ಅಂತ. ಪೇಜ್ ಥೇಟ್ ಆಪಲ್‌ದೇ ಥರ. ಪಾಸ್‌ವರ್ಡ್ ಅರ್ಧ ಟೈಪ್ ಮಾಡಿದ್ದೆ, ಹೆಂಡ್ತಿ ಪಕ್ಕದಲ್ಲಿದ್ದೋಳು ಕೈ ಹಿಡಿದು ನಿಲ್ಲಿಸಿದ್ಲು, ಸ್ಪೆಲಿಂಗ್ ನೋಡಿದ್ರೆ ಒಂದಕ್ಷರ ಹೆಚ್ಚು. ಆಪಲ್ ಪಾಸ್‌ವರ್ಡ್ ಹಾಕದೆ ಫೋನ್ ಬಳಸೋಕೆ ಬಿಡದ ಆ್ಯಕ್ಟಿವೇಶನ್ ಲಾಕ್ ಇರೋವರ್ಗೂ ಅವರಿಗೆ ಅದು ಬರೀ ಬಿಡಿಭಾಗ, ಪಾಸ್‌ವರ್ಡ್ ಸಿಕ್ರೆ ಪೂರ್ತಿ ಫೋನು, ಅದಕ್ಕೇ ಈ ಮೆಸೇಜು. ನಿಮಗೂ ಬರಬಹುದು.

ಕುಡ್ಲದ_ಮೀನು · ಬೆಳಗ್ಗೆ 8:30

@ಸುಮ್ನೆ_ಓದೋನು ಹಾಗೆ ಆಸೆ ಬಿಡಿ ಅಂತ ಹೇಳ್ಬೇಡಿ ಮಾರಾಯ್ರೆ, ನನ್ನದು ಬಂದಿದೆ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಟ್ರೈನಿನಲ್ಲಿ ಹೋಗುವಾಗ ದಿಂಬಿನ ಅಡಿಯಿಂದ ಹೋದದ್ದು, ಐದು ತಿಂಗಳು ಕಳೆದು ಸಿಕ್ಕಿತು. ಸಿಇಐಆರ್ ಅಂತ ಉಂಟು, ಹೋದ ಫೋನನ್ನು ಬ್ಲಾಕ್ ಮಾಡುವ ವ್ಯವಸ್ಥೆ, ಕೇಂದ್ರದ ದೂರಸಂಪರ್ಕ ಇಲಾಖೆಯದ್ದು, 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಅಂತ ಪೋರ್ಟಲ್ ಬಂತಲ್ಲ, ಅದರ ಒಳಗೇ ಉಂಟು. ಈಗ ಆ್ಯಪ್ ಸಹ ಬಂದಿದೆ.

ಅದು ಹೇಗೆ ಅಂದ್ರೆ, ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ನಂಬರ್ ಇರ್ತದೆ, ಎರಡು ಸಿಮ್ಮಿನದ್ದಾದ್ರೆ ಎರಡು. ನೀವು ಅದನ್ನು ಹಾಕಿ, ಪೊಲೀಸ್ ದೂರಿನ ಕಾಪಿ, ಐಡಿ ಪ್ರೂಫ್ ಅಪ್‌ಲೋಡ್ ಮಾಡಿದ್ರೆ 24 ಗಂಟೆಯ ಒಳಗೆ ದೇಶದ ಯಾವ ಕಂಪನಿಯ ಸಿಮ್ ಹಾಕಿದ್ರೂ ಆ ಫೋನ್ ನಡೆಯುದಿಲ್ಲ. ನಡೆಯದಿದ್ದರೆ ಯಾರಿಗೆ ಬೇಕು ಅದು? ಆದ್ರೆ ಮಜಾ ಇರುದು ಇನ್ನೊಂದು ಕಡೆ. ಯಾರಾದ್ರೂ ಅದಕ್ಕೆ ಸಿಮ್ ಹಾಕಿ ನೋಡಿದ ಕೂಡಲೇ ಆ ನಂಬರ್ ಪೊಲೀಸರಿಗೆ ಹೋಗ್ತದೆ. ನನ್ನ ಫೋನ್ ಯಾವುದೋ ಬೇರೆ ರಾಜ್ಯದಲ್ಲಿ ಒಬ್ಬ ಪಾಪದ ಹುಡುಗ ಸೆಕೆಂಡ್ ಹ್ಯಾಂಡ್ ಅಂತ ತಗೊಂಡಿದ್ದನಂತೆ, ಸ್ಟೇಷನ್ನಿನಿಂದ ಫೋನ್ ಹೋದದ್ದೇ ಅವನು ಹೆದರಿ ಕೊರಿಯರ್ ಮಾಡಿದ. ಅವನ ದುಡ್ಡು ಹೋಯಿತು ನೋಡಿ, ನನಗೆ ಈಗಲೂ ಅವನ ಬಗ್ಗೆ ಸ್ವಲ್ಪ ಬೇಜಾರುಂಟು. ಹಳೆ ಫೋನ್ ತಗೊಳ್ಳುವವರು ಕೆವೈಎಂ ಅಂತ ಇಂಗ್ಲಿಷಿನಲ್ಲಿ ಹಾಕಿ ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಮೆಸೇಜ್ ಮಾಡಿದ್ರೆ ಆಯ್ತು, ಕದ್ದದ್ದು ಅಂತ ಬ್ಲಾಕ್ ಆಗಿದ್ರೆ ಗೊತ್ತಾಗ್ತದೆ. ಅಂಗಡಿಯವನ ಎದುರೇ ಮಾಡಿ, ಮುಖ ನೋಡ್ಬೇಕು ಆವಾಗ.

ನಿಮ್ಮ ಕೇಸಲ್ಲಿ ಡೂಪ್ಲಿಕೇಟ್ ಸಿಮ್ ಬರುವ ತನಕ ಸಿಇಐಆರ್ ಅರ್ಜಿ ಹಾಕ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ಓಟಿಪಿ ಅದಕ್ಕೇ ಬರ್ಬೇಕು, 24 ಗಂಟೆ ಎಸ್ಸೆಮ್ಮೆಸ್ ಇಲ್ಲ ಅಂತ ಹುಬ್ಳಿಯವರು ಹೇಳಿದ್ದು ಇಲ್ಲೂ ಬರ್ತದೆ. ಅಷ್ಟರಲ್ಲಿ ದೂರು ಕೊಟ್ಟು ಕಾಪಿ ರೆಡಿ ಇಟ್ಕೊಳ್ಳಿ. ಅರ್ಜಿ ಹಾಕಿದ ಮೇಲೆ ಒಂದು ರಿಕ್ವೆಸ್ಟ್ ಐಡಿ ಕೊಡ್ತಾರೆ, ಅದನ್ನು ಕಳ್ಕೊಳ್ಬೇಡಿ, ಫೋನ್ ಸಿಕ್ಕಿದ ಮೇಲೆ ಅನ್‌ಬ್ಲಾಕ್ ಮಾಡ್ಲಿಕ್ಕೆ ಅದೇ ಬೇಕು. ನಾನು ಕಳ್ಕೊಂಡು ಒದ್ದಾಡಿದ್ದೆ.

ಕಪ್ಪುಕೋಟು · ಬೆಳಗ್ಗೆ 9:10

ದೂರು ಅಂದಾಗ ಒಂದು ವಿಷ್ಯ. ಕರ್ನಾಟಕ ಪೊಲೀಸ್‌ದು ಇ-ಲಾಸ್ಟ್ ಅಂತ ಆನ್‌ಲೈನ್ ಇದೆ, ಮನೇಲೇ ಕೂತು ಹತ್ತು ನಿಮಿಷದಲ್ಲಿ ರಸೀದಿ ಬರುತ್ತೆ, ಆದ್ರೆ ಅದು ಕಳೆದುಹೋದ ವಸ್ತುಗೆ, ಕಳುವಾಗಿದ್ದಕ್ಕಲ್ಲ. ನಿಮ್ಮ ತಾಯಿ ಪೌಚಿನ ದಾರ ಕುಯ್ದಿದ್ದಾರೆ, ಅದು ಕಳ್ಳತನ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಕಳ್ಳತನಕ್ಕೆ ಹಳೇ ಐಪಿಸಿ ಸೆಕ್ಷನ್ 379 ಇದ್ದಿದ್ದು ಈಗ 303, ಕಿತ್ಕೊಂಡು ಓಡಿದ್ರೆ 304, ಅದಕ್ಕೆ ಮುಂಚೆ ಬೇರೆ ಸೆಕ್ಷನ್ನೇ ಇರ್ಲಿಲ್ಲ. ಯಾವ ಸ್ಟೇಷನ್ನಿಗೆ ಹೋದ್ರೂ ನಮ್ಮ ಸರಹದ್ದಲ್ಲ ಅನ್ನಂಗಿಲ್ಲ. ಇ-ಎಫ್‌ಐಆರ್ ಥರ ಆನ್‌ಲೈನಲ್ಲಿ ದೂರು ಕಳ್ಸಿದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕ್ಬೇಕು. ಎಫ್‌ಐಆರ್ ಕಾಪಿ ಪುಕ್ಕಟೆ, ಕೇಳಿ ತಗೊಳ್ಳಿ.

ಕೌಂಟರಲ್ಲಿ ಕೂತೋರು ಕಳೆದುಹೋಗಿದೆ ಅಂತಾನೇ ಬರ್ಕೊಡಮ್ಮ, ಬೇಗ ಆಗುತ್ತೆ ಅಂತಾರೆ. ನನ್ನ ಕ್ಲೈಂಟ್ ಒಬ್ರು ಅದನ್ನ ನಂಬಿ ಬರ್ಕೊಟ್ಟು ಆಮೇಲೆ ಇನ್ಶೂರೆನ್ಸ್ ಸಿಗದೆ ನನ್ನ ಹತ್ರ ಬಂದ್ರು, ಅಷ್ಟೊತ್ತಿಗೆ ಅವರದೇ ಸಹಿ ಇರೋ ಕಾಗದ ಅವರ ವಿರುದ್ಧವೇ ನಿಂತಿತ್ತು. ಕುಯ್ದ ದಾರ ಬಿಸಾಕಬೇಡಿ, ತಗೊಂಡು ಹೋಗಿ ತೋರ್ಸಿ. ಆಧಾರ್ ಹೋಗಿರೋದನ್ನೂ ದೂರಲ್ಲಿ ಬರೀರಿ, ಅದು ಮುಖ್ಯ.

ಮಗಳು_ಮೈಸೂರು · ಮಧ್ಯಾಹ್ನ 1:05

ಇದೆಲ್ಲ ಓದಿ ನಮ್ಮಮ್ಮನ ಫೋನ್ ಈಗಷ್ಟೇ ತೆಗೆದು ನೋಡಿದೆ. ಕಾಂಟ್ಯಾಕ್ಟಲ್ಲಿ 'ಎಟಿಎಂ ಆಂಟಿ' ಅಂತ ಒಂದು ಹೆಸ್ರು, ನಂಬರಿನ ಕೊನೇ ನಾಲ್ಕು ಅಂಕಿ ಪಿನ್ನು!! ಯಾರಿಗೂ ಗೊತ್ತಾಗಲ್ಲ ಅಂತ ಇಟ್ಟಿದ್ದೆ ಕಣೇ ಅಂತಾರೆ. ಗ್ಯಾಲರೀಲಿ ಪಾಸ್‌ಬುಕ್ ಮೊದಲ ಪುಟ, ಆಧಾರ್ ಎರಡೂ ಕಡೆ, ಪ್ಯಾನು, ಎಲ್ಲ ಫೋಟೋ. ಡಿಜಿಲಾಕರ್‌ಗೆ ಹಾಕಿ ಗ್ಯಾಲರೀದು ಅಳಿಸಿದೆ, ಟ್ರ್ಯಾಶಿಂದಾನೂ ಅಳಿಸಬೇಕು ಅಂತ ಆಮೇಲೆ ಹೊಳೀತು.

ಪ್ರಶ್ನೆ: ಫೋನ್ ಕೈಲಿರೋವಾಗ್ಲೇ ಏನೇನು ಮಾಡಿಡಬೇಕು? ಹುಬ್ಳಿ ಸರ್ ಹೇಳ್ತೀರಾ?

ಹುಬ್ಳಿ_ಮೊಬೈಲ್_ರಿಪೇರಿ · ಮಧ್ಯಾಹ್ನ 3:40

ಎಟಿಎಂ ಆಂಟಿ! ನಮ್ಮ ಅಂಗಡ್ಯಾಗೂ ನೋಡೇನ್ರಿ, ಒಬ್ಬರು 'ಬ್ಯಾಂಕ್ ಕಾಕಾ' ಅಂತ ಇಟ್ಟಿದ್ರು.

ತಂಗಿ, ಎಲ್ಲಾಕಿಂತ ಮೊದಲ ಸಿಮ್ಮಿಗೆ ಪಿನ್ ಹಾಕ್ರಿ. ಫೋನ್ ಲಾಕ್ ಬ್ಯಾರೆ, ಸಿಮ್ ಲಾಕ್ ಬ್ಯಾರೆ. ಸೆಟ್ಟಿಂಗ್ಸ್‌ನ್ಯಾಗ ಸೆಕ್ಯುರಿಟಿ ಒಳಗ ಸಿಮ್ ಲಾಕ್ ಅಂತ ಇರ್ತದ, ಆನ್ ಮಾಡಿದ್ರ ಆ ಸಿಮ್ ತಗದು ಯಾವ ಫೋನಿಗೆ ಹಾಕಿದ್ರೂ ಪಿನ್ ಕೇಳ್ತದ. ಬ್ಯಾಂಕಿನ ಸರ್ ಹೇಳಿದ ಕಳ್ಳನ ಆಟ ಅಲ್ಲೇ ಬಂದ್. ಮ್ಯಾಲ ನಾ ಹೇಳಿದ ಜಗಳಾ ಇತ್ತಲ್ರಿ, ಮೊದ್ಲ ಸಿಮ್ ಬ್ಲಾಕೋ ಮೊದ್ಲ ಫೋನ್ ಲಾಕೋ ಅಂತ, ಸಿಮ್ ಪಿನ್ ಇದ್ರ ಅದೂ ಹಗುರ ಆಗ್ತದ, ಎರಡು ನಿಮಿಷ ಧೈರ್ಯಾಗಿ ಫೋನ್ ಹುಡುಕಬಹುದು. ಆದ್ರ ಆನ್ ಮಾಡುವಾಗ ಮೊದ್ಲ ಕಂಪನಿಯವ್ರು ಇಟ್ಟ ಹಳೇ ಪಿನ್ ಕೇಳ್ತದ, ಅದನ್ನ ಊಹಾ ಮಾಡಿ ಹಾಕಬ್ಯಾಡ್ರಿ, ಮೂರು ಸಲ ತಪ್ಪಿದ್ರ ಸಿಮ್ ಲಾಕ್ ಆಗಿ ಪಿಯುಕೆ ಅಂತ ಸಿಮ್ ತಗಿಯೂ ಕೋಡ್ ಕೇಳ್ತದ, ಪಿಯುಕೆ ಹತ್ತು ಸಲ ತಪ್ಪಿದ್ರ ಸಿಮ್ ಸತ್ತಂಗ. ಕಸ್ಟಮರ್ ಕೇರಿಗೆ ಕೇಳಿ ತಗೋರಿ. ನನ್ನ ಗಿರಾಕಿ ನೂರು ಮಂದ್ಯಾಗ ಇದನ್ನ ಹಾಕಿದವ್ರು ಇಬ್ಬರು ಸಿಗೂದಿಲ್ರಿ, ಮಂದಿ ಸಾವಿರ ರೂಪಾಯಿ ಕವರ್ ಹಾಕಸ್ತಾರ, ಪುಕ್ಕಟೆ ಪಿನ್ ಹಾಕಂಗಿಲ್ಲ.

ಲಾಕ್ ಸ್ಕ್ರೀನ್ ಮ್ಯಾಲ ಮೆಸೇಜ್ ಒಳಗಿಂದು ಕಾಣದಂಗ ಮಾಡ್ರಿ. ಓಟಿಪಿ ಅಲ್ಲೇ ಮಿಂಚಿದ್ರ ಲಾಕ್ ಇದ್ದೂ ಉಪಯೋಗ ಇಲ್ಲ. ಕೆಲವು ಫೋನಿನ್ಯಾಗ ಲಾಕ್ ಇದ್ದಾಗ ಮ್ಯಾಲಿನ ಪರದಾ ಎಳದು ಏರೋಪ್ಲೇನ್ ಮೋಡ್ ಹಾಕಾಕ ಬರದಂಗ, ಪಾಸ್‌ವರ್ಡ್ ಇಲ್ದ ಸ್ವಿಚ್ ಆಫ್ ಮಾಡಾಕ ಬರದಂಗ ಮಾಡಬಹುದು, ಇದ್ರ ಮಾಡ್ರಿ. ಪ್ಯಾಟರ್ನ್ ಬ್ಯಾಡ, ಬೆರಳಿನ ಎಣ್ಣಿ ಗುರುತು ಗಾಜಿನ ಮ್ಯಾಲ ಚಂದಾಗಿ ಕಾಣ್ತಿರ್ತದ, ಆರು ಅಂಕಿ ಪಿನ್ ಇಡ್ರಿ, ಹುಟ್ಟಿದ ಇಸ್ವಿ ಬ್ಯಾಡ. ಸೆಟ್ಟಿಂಗ್ಸ್‌ನ್ಯಾಗ ಗೂಗಲ್ ಅಂತ ಇರ್ತದಲ್ರಿ, ಅದರಾಗ ಥೆಫ್ಟ್ ಪ್ರೊಟೆಕ್ಷನ್ ಅಂತ ಐತಿ. ಒಂದು ಹೊಡೆತಕ್ಕ ಕೈಯಾಗಿಂದ ಕಸಗೊಂಡು ಓಡಿದ್ರ ಫೋನ್ ತಾನ ಗುರ್ತು ಹಿಡದು ಲಾಕ್ ಆಗ್ತದ, ನೆಟ್ ಬಾಳ ಹೊತ್ತು ಇಲ್ಲಂದ್ರೂ ಲಾಕ್ ಆಗೂದು ಬ್ಯಾರೆ ಐತಿ, ಎಲ್ಲಾ ಆನ್ ಮಾಡ್ರಿ. ಐಫೋನ್ ಇದ್ದವ್ರು ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಮಾಡ್ರಿ, 2024ರ ಜನವರಿಯಾಗ ಐಒಎಸ್ 17.3 ಜೋಡಿ ಬಂತು, ಪಾಸ್‌ಕೋಡ್ ನೋಡಿ ಕದ್ರೂ ಮುಖಾ ತೋರಸದ ಆಪಲ್ ಪಾಸ್‌ವರ್ಡ್ ಬದಲ ಮಾಡಾಕ ಬರೂದಿಲ್ಲ.

ಆಮ್ಯಾಲ ಒಂದು ಹಾಳಿ ಪೇಪರ್. ಸ್ಟಾರ್ ಹ್ಯಾಶ್ ಸೊನ್ನಿ ಆರು ಹ್ಯಾಶ್, ಅಂದ್ರ *#06# ಒತ್ತಿದ್ರ ಐಎಂಇಐ ಬರ್ತದ, ಅದನ್ನ ಬರೀರಿ. ಜಿಮೇಲ್ ಐಡಿ ಬರೀರಿ. ಎರಡು ಹಂತದ ಪರಿಶೀಲನೆ ಹಾಕಿದ್ರ ಗೂಗಲ್ 10 ಬ್ಯಾಕಪ್ ಕೋಡ್ ಕೊಡ್ತದ, ಅವೂ ಬರೀರಿ, ಯಾಕಂದ್ರ ಫೋನ್ ಕಳಕೊಂಡವರಿಗೆ ನಿನ್ನ ಫೋನಿಗೆ ಕೋಡ್ ಕಳಿಸೇನಿ ನೋಡು ಅಂತದ ಗೂಗಲ್. ಎಲ್ಲಿ ನೋಡೂದ್ರಿ? ಪೇಪರ್ ಮನ್ಯಾಗ ಇಡ್ರಿ, ಅದರ ಫೋಟೋ ತಗದು ಅದ ಫೋನಿನ್ಯಾಗ ಇಡಬ್ಯಾಡ್ರಿ ಮತ್ತ.

ಕೌಂಟರ್_ನಂಬರ್_3 · ಸಂಜೆ 6:20

ಸಿಮ್ ಪಿನ್ ವಿಷ್ಯದಲ್ಲಿ ನೂರಕ್ಕೆ ನೂರು ಒಪ್ತೀನಿ. ಮೊದಲು ಲಾಕ್ ಆಮೇಲೆ ಸಿಮ್ ಅನ್ನೋದು ಮಾತ್ರ ಸಿಮ್ ಪಿನ್ ಹಾಕದವರಿಗೆ ನಾನು ಹೇಳಲ್ಲ, ಎರಡು ನಿಮಿಷ ಅಂತ ಶುರು ಮಾಡಿ ಪಾಸ್‌ವರ್ಡ್ ನೆನಪಾಗದೆ ನಲವತ್ತು ನಿಮಿಷ ಕೂತೋರನ್ನ ನೋಡಿದೀನಿ. ಒಂದು ಸಲ ಟ್ರೈ ಮಾಡಿ, ಆಗ್ಲಿಲ್ವಾ, ಸಿಮ್ ಬ್ಲಾಕ್.

ಪೆನ್ಷನ್ ಅಕೌಂಟಿಗೆ ಯುಪಿಐ ಬೇಡ ಅಂತ ನನ್ನ ಅಭಿಪ್ರಾಯ. ಇನ್ನೊಂದು ಉಳಿತಾಯ ಖಾತೆ ಮಾಡ್ಸಿ, ತಿಂಗಳಿಗೆ ಎರಡು ಮೂರು ಸಾವಿರ ಅದಕ್ಕೆ ಹಾಕಿ, ಹಾಲು ತರಕಾರಿ ಎಲ್ಲ ಅದ್ರಲ್ಲಿ. ಹೋದ್ರೆ ಅಷ್ಟೇ ಹೋಗುತ್ತೆ.

ತಿಪಟೂರ್_ತೆಂಗು · ಶುಕ್ರವಾರ ರಾತ್ರಿ 8:55

ಎಲ್ರಿಗೂ ದೊಡ್ಡ ನಮಸ್ಕಾರ, ಮಧ್ಯೆ ಬರೋಕಾಗ್ಲಿಲ್ಲ. ಅಣ್ಣ ಮಂಗಳವಾರ ಬಂದ, ಸಿಮ್ ಸಿಕ್ತು, ಹೇಳಿದಂಗೇ ಒಂದಿನ ಎಸ್ಸೆಮ್ಮೆಸ್ ಬರ್ಲಿಲ್ಲ, ಅಣ್ಣ ಸಿಮ್ ಡಬ್ಬಾ ಅಂತ ಗಲಾಟೆ ಶುರು ಮಾಡಿದ್ದ, ಹುಬ್ಳಿ ಸರ್ ಪೋಸ್ಟ್ ತೋರ್ಸಿ ಕೂರಿಸ್ದೆ. ಸ್ಟೇಷನ್ನಲ್ಲಿ ಮೊದ್ಲು ಕಳೆದುಹೋಗಿದೆ ಅಂತ ಬರ್ಕೊಡಿ ಅಂದ್ರು, ದಾರ ತೋರ್ಸಿ ಕುಯ್ದಿರೋದು ಸಾರ್ ಅಂದ್ಮೇಲೆ ಸ್ವಲ್ಪ ಹೊತ್ತು ಕಾಯ್ಸಿ ತಗೊಂಡ್ರು. ಗುರುವಾರ ಸಿಇಐಆರ್ ಹಾಕಿದೆ, ಇವತ್ತು ಬ್ಲಾಕ್ಡ್ ಅಂತ ತೋರಿಸ್ತಿದೆ. ದುಡ್ಡೇನೂ ಹೋಗಿಲ್ಲ. ಸೋಮವಾರ ರಾತ್ರಿ 10:31ಕ್ಕೆ ಯಾರೋ ಯುಪಿಐ ರಿಜಿಸ್ಟರ್ ಮಾಡೋಕೆ ನೋಡಿದಾರೆ ಅಂತ ಬ್ಯಾಂಕಲ್ಲಿ ಹೇಳಿದ್ರು. ನಾವು ಸಿಮ್ ಬ್ಲಾಕ್ ಮಾಡಿದ್ದು 10:05ಕ್ಕೆ. ಕೌಂಟರ್ ಸರ್, ನಿಮ್ಮ ಊರು ಯಾವುದು ಹೇಳಿ, ಕಡಲೆಕಾಯಿ ಕಳಿಸ್ತೀನಿ, ಎರಡು ಸೇರು ಹಾಗೇ ಇದೆ, ಮನೇಲಿ ಯಾರೂ ಮುಟ್ಟಿಲ್ಲ.

ಜಿಮೇಲ್ ಸಿಕ್ತು. ಒಳಗೆ ಹೋದ್ರೆ ಫೋಟೋಸ್ ಎಲ್ಲ ಇದಾವೆ, ಆ ಅಂಗಡಿ ಹುಡುಗ ಬ್ಯಾಕಪ್ ಆನ್ ಮಾಡಿಟ್ಟಿದ್ದ, ಅವನಿಗೆ ಒಳ್ಳೇದಾಗ್ಲಿ. ಆದ್ರೆ ಸೋಬಾನೆ ಪದ ಒಂದೂ ಇಲ್ಲ. ಗೂಗಲ್ ಫೋಟೋಸಿಗೆ ಹೋಗೋದು ಬರೀ ಫೋಟೋ ವಿಡಿಯೋ, ರೆಕಾರ್ಡರಲ್ಲಿ ಮಾಡಿದ ಆಡಿಯೋ ಹೋಗಲ್ಲ ಅಂತ ಈಗ ಗೊತ್ತಾಯ್ತು. ಅಮ್ಮಂಗೆ ಹೇಳೋಕೆ ಒಂದಿನ ತಗೊಂಡೆ.

ಹುಬ್ಳಿ_ಮೊಬೈಲ್_ರಿಪೇರಿ · ರಾತ್ರಿ 9:30

ಆ ಪದಾ ಯಾರಿಗರ ವಾಟ್ಸಾಪಿನ್ಯಾಗ ಕಳಿಸಿದ್ರೇನು ಕೇಳ್ರಿ ತಾಯಾರಿಗೆ. ಕಳಿಸಿದ್ರ ಅವ್ರ ಫೋನಿನ್ಯಾಗ ಇರ್ತಾವ. ವಾಟ್ಸಾಪ್ ಬ್ಯಾಕಪ್ ಗೂಗಲ್ ಡ್ರೈವಿನ್ಯಾಗ ಇದ್ರ ಅದರಾಗೂ ಬರ್ತಾವ.

ತಿಪಟೂರ್_ತೆಂಗು · ಶನಿವಾರ ಬೆಳಗ್ಗೆ 11:10

ಸರ್!! ವಾಟ್ಸಾಪ್ ಬ್ಯಾಕಪ್ ಆಫ್ ಇತ್ತು, ಆದ್ರೆ ದೊಡ್ಡಮ್ಮನ ಮಗಳಿಗೆ ನಾಲ್ಕು ಪದ ಕಳ್ಸಿದ್ರಂತೆ ಅವಳ ಸೀಮಂತದ ಟೈಮಲ್ಲಿ. ಅವಳ ಫೋನಲ್ಲಿ ಇದಾವೆ, ನಾಲ್ಕೂ ಬಂದ್ವು. ಒಂದರಲ್ಲಿ ಮಧ್ಯೆ ಕುಕ್ಕರ್ ಕೂಗುತ್ತೆ, ದೊಡ್ಡಮ್ಮ ಪದ ನಿಲ್ಲಿಸಿ ಎಷ್ಟನೇ ಕೂಗು ನೋಡೇ ಅಂತಾರೆ. ಅಮ್ಮ ಅದನ್ನೇ ಬೆಳಗ್ಗೆಯಿಂದ ಹಾಕ್ಕೊಂಡು ಕೂತಿದಾರೆ. ಈಗ ಡ್ರೈವಲ್ಲಿ ಒಂದು, ನನ್ನ ಲ್ಯಾಪ್‌ಟಾಪಲ್ಲಿ ಒಂದು, ಅಣ್ಣನ ಪೆನ್‌ಡ್ರೈವಲ್ಲಿ ಒಂದು ಕಾಪಿ ಹಾಕಿದೀನಿ. ಉಳಿದ ಏಳು ಪದ ಅಮ್ಮಂಗೆ ಅರ್ಧರ್ಧ ಬಾಯಿಗೆ ಬರುತ್ತಂತೆ, ಊರಲ್ಲಿ ಇನ್ನೊಬ್ರು ಅಜ್ಜಿಗೆ ಪೂರ್ತಿ ಬರುತ್ತೆ ಅಂತಿದಾರೆ, ಸಂಕ್ರಾಂತಿಗೆ ಹೋದಾಗ ಕೇಳಬೇಕು.

ಮಗಳು_ಮೈಸೂರು · ಮಧ್ಯಾಹ್ನ 12:25

ಖುಷಿ ಆಯ್ತು 🙏 ನಾನು ಇಲ್ಲಿ ಸಿಮ್ ಪಿನ್ ಹಾಕೋಕೆ ಹೋಗಿ ಎರಡು ಸಲ ತಪ್ಪು ಹಾಕಿಬಿಟ್ಟೆ, ಈಗ ಒಂದೇ ಚಾನ್ಸ್ ಇದೆ ಅಂತ ತೋರಿಸ್ತಿದೆ. ಏನ್ ಮಾಡ್ಲಿ?

ಹುಬ್ಳಿ_ಮೊಬೈಲ್_ರಿಪೇರಿ · ಮಧ್ಯಾಹ್ನ 12:27

ಕೈ ತಗೀರಿ ಫೋನಿಂದ. ಕಸ್ಟಮರ್ ಕೇರಿಗೆ ಹಚ್ರಿ.